ಆಷಾಢಕ್ಕೆ ಮೂರು ವಾರ ಮುಂಚೆ ಕೆಲಸ ಬಿಟ್ಟ ಹುಡುಗ: ಒಂದು ಫೋಟೋಗ್ರಫಿ ಪ್ರಕರಣ

ನಾನು ತಿಪಟೂರಲ್ಲಿ ಸ್ಟುಡಿಯೋ ಇಟ್ಕೊಂಡು 25 ವರ್ಷದ ಮೇಲಾಯ್ತು. ವರ್ಷಕ್ಕೆ ಮೂರ್ನಾಲ್ಕು ಹುಡುಗ್ರಾದ್ರೂ ಬಂದು "ಅಣ್ಣಾ, ಫೋಟೋಗ್ರಫಿಗೆ ಇಳೀಬೇಕು ಅಂತಿದೀನಿ, ಯಾವ ಕ್ಯಾಮೆರಾ ತಗೊಳ್ಳಿ" ಅಂತ ಕೇಳ್ತಾರೆ. ಎಲ್ರೂ ಕೇಳೋದು ಕ್ಯಾಮೆರಾ ಬಗ್ಗೆನೇ. ನಾನೂ ಇಷ್ಟು ವರ್ಷ ಕ್ಯಾಮೆರಾ ಬಗ್ಗೆನೇ ಉತ್ತರ ಕೊಟ್ಟು ಕಳಿಸ್ತಿದ್ದೆ, ಅದು ತಪ್ಪು ಅಂತ ಗೊತ್ತಾಗಿದ್ದು ಈ ಒಬ್ಬ ಹುಡುಗನ ವಿಷಯದಲ್ಲಿ. ಅವನನ್ನ ಕೇಳಿಯೇ ಬರೀತಿದೀನಿ, ಲೆಕ್ಕದ ಡೈರಿ ಕೂಡ ಅವನೇ ತಂದು ಕೊಟ್ಟ, ಹೆಸರು ಮಾತ್ರ ಬೇಡ ಅಣ್ಣಾ ಅಂದ. ಹುಡುಗ ಅಂತಲೇ ಕರೀತೀನಿ.

ಹುಡುಗ ನಮ್ಮ ಬೀದಿಯವನೇ, ಬಿಕಾಂ ಓದಿದಾನೆ, ಅಪ್ಪ ಇಲ್ಲ, ತಾಯಿ ಟೈಲರಿಂಗ್ ಮಾಡ್ತಾರೆ. ಕಾಲೇಜಲ್ಲಿದ್ದಾಗ ಒಂದು ಕ್ಯಾನನ್ 1500ಡಿ ತಗೊಂಡಿದ್ದ, ಜೊತೇಲಿ ಬರುತ್ತಲ್ಲ 18-55 ಕಿಟ್ ಲೆನ್ಸು, ಅದರಲ್ಲೇ ಊರ ಜಾತ್ರೆ, ಕೊಬ್ಬರಿ ಮಾರ್ಕೆಟ್ಟು, ಕೆರೆ ಏರಿ ಮೇಲೆ ಸಾಯಂಕಾಲದ ಬೆಳಕು ಎಲ್ಲಾ ತೆಗೆದು ತೆಗೆದು ಕೈ ಚೆನ್ನಾಗಿ ಕುದುರಿಸ್ಕೊಂಡಿದ್ದ. ಎಪಿಎಂಸಿ ಯಾರ್ಡಲ್ಲಿ ಒಬ್ಬ ಹಮಾಲಿ ಕೊಬ್ಬರಿ ರಾಶಿ ಮೇಲೆ ಕೂತು ಟೀ ಕುಡೀತಿರೋ ಫೋಟೋ ಒಂದಿದೆ, ಮೇಲಿಂದ ತಗಡಿನ ಸಂದಿಯಲ್ಲಿ ಬಂದ ಬಿಸಿಲು ಬರೀ ಆ ಲೋಟದ ಮೇಲೆ ಬಿದ್ದಿದೆ. ಅದನ್ನ ನಾನು ದೊಡ್ಡದಾಗಿ ಪ್ರಿಂಟ್ ಹಾಕ್ಸಿ ಸ್ಟುಡಿಯೋದಲ್ಲಿ ತಗುಲಾಕಿದೀನಿ. ಹಾಗಾಗಿ ಹುಡುಗನಿಗೆ ಕಣ್ಣಿರಲಿಲ್ಲ ಅನ್ನೋ ಮಾತೇ ಇಲ್ಲ, ಈ ಪ್ರಕರಣದಲ್ಲಿ ಎಡವಟ್ಟಾಗಿದ್ದೆಲ್ಲ ಬೇರೆ ಕಡೆ.

ಡಿಗ್ರಿ ಆದ್ಮೇಲೆ ಒಂದು ಫೈನಾನ್ಸ್ ಆಫೀಸಲ್ಲಿ ತಿಂಗಳಿಗೆ 14,000ಕ್ಕೆ ಕೆಲಸಕ್ಕೆ ಸೇರಿದ್ದ. ಭಾನುವಾರ ನನ್ನ ಜೊತೆ, ಬೇರೆ ಸ್ಟುಡಿಯೋದವರ ಜೊತೆ ಮದುವೆಗೆ ಅಸಿಸ್ಟೆಂಟಾಗಿ ಬರೋನು. ತೊಂದರೆ ಏನಂದ್ರೆ ನಮ್ಮ ಕಡೆ ಮದುವೆ ಭಾನುವಾರನೇ ಆಗ್ಬೇಕು ಅಂತೇನಿಲ್ಲ, ಪಂಚಾಂಗದಲ್ಲಿ ಗುರುವಾರ ಲಗ್ನ ಬಂದ್ರೆ ಗುರುವಾರ, ಸೋಮವಾರ ಬಂದ್ರೆ ಸೋಮವಾರ. ಅವನಿಗೆ ರಜಾ ಸಿಗ್ತಿರಲಿಲ್ಲ. ನಾಲ್ಕು ಮದುವೆಗೆ ಬರ್ತೀನಿ ಅಂತ ಹೇಳಿ ಮೂರಕ್ಕೆ ಬರೋಕಾಗದೆ ಒದ್ದಾಡಿದ. 2023ರ ಮೇ ತಿಂಗಳಲ್ಲಿ ಒಂದಿನ ಬಂದು "ಅಣ್ಣಾ ಕೆಲಸ ಬಿಟ್ಟೆ, ಸೋನಿ ತಗೊಂಡೆ" ಅಂದ. ಮುಖದಲ್ಲಿ ಅಷ್ಟು ಖುಷಿ ಇತ್ತು, ನಾನು ಒಳ್ಳೇದಾಗ್ಲಿ ಕಣೋ ಅಂತ ಬೆನ್ನು ತಟ್ಟಿ ಕಳಿಸ್ದೆ. ಗೋಡೆ ಮೇಲೆ ಕ್ಯಾಲೆಂಡರ್ ನೇತಾಡ್ತಿತ್ತು, ಅದನ್ನ ತಿರುವಿ ತೋರಿಸಿದ್ರೆ ಸಾಕಿತ್ತು, ನಾನು ತೋರಿಸ್ಲಿಲ್ಲ. ಇದು ನನಗೆ ಈಗಲೂ ಚುಚ್ಚುತ್ತೆ.

ಯಾಕಂದ್ರೆ ಆ ವರ್ಷ ಜೂನ್ 19ಕ್ಕೆ ಆಷಾಢ ಶುರು. ಆಷಾಢದಲ್ಲಿ ಮದುವೆ ಇಲ್ಲ ಅಂತ ಎಲ್ರಿಗೂ ಗೊತ್ತು, ಹುಡುಗನಿಗೂ ಗೊತ್ತಿತ್ತು, ಒಂದು ತಿಂಗಳು ತಾನೇ ಹೆಂಗೋ ಆಗುತ್ತೆ ಅಂದ್ಕೊಂಡಿದ್ದ. ಆದ್ರೆ 2023ರಲ್ಲಿ ಅಧಿಕ ಮಾಸ ಬಂದಿದ್ದು ಶ್ರಾವಣಕ್ಕೆ. ಜುಲೈ 17ಕ್ಕೆ ಆಷಾಢ ಮುಗೀತು, 18ರಿಂದ ಆಗಸ್ಟ್ 16ರ ತನಕ ಅಧಿಕ ಶ್ರಾವಣ, ಅದರಲ್ಲೂ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಅಂದ್ರೆ ಸಾಲಾಗಿ ಎರಡು ತಿಂಗಳು ಛತ್ರಗಳಿಗೆ ಬೀಗ. ಇನ್ನು ಜೂನ್ 19ರ ಒಳಗಿದ್ದ ಲಗ್ನಗಳ ಕತೆ ಏನಪ್ಪಾ ಅಂದ್ರೆ ಅವೆಲ್ಲ ಮೂರ್ನಾಲ್ಕು ತಿಂಗಳ ಹಿಂದೆನೇ ಬುಕ್ ಆಗಿರ್ತವೆ, ನಿಶ್ಚಿತಾರ್ಥ ಆದ ವಾರದೊಳಗೆ ಛತ್ರ, ಅಡುಗೆಯವರು, ಫೋಟೋದವರು ಮೂರೂ ಫಿಕ್ಸು. ಮೇ ಕೊನೇಲಿ ಅಂಗಡಿ ತೆಗೆದೋನಿಗೆ ಆ ಸೀಸನ್ನಲ್ಲಿ ಸಿಗೋಕೆ ಏನೂ ಉಳಿದಿರಲ್ಲ.

ಲೆಕ್ಕ ಹೇಳ್ತೀನಿ ನೋಡಿ. ಸೋನಿ ಎ7 ತ್ರೀ ಬಾಡಿ, ಟ್ಯಾಮ್ರಾನ್ 28-75 ಲೆನ್ಸು, ಒಂದು ಗೋಡಾಕ್ಸ್ ಫ್ಲ್ಯಾಶು, ಬ್ಯಾಟರಿ ಬ್ಯಾಗು ಎಲ್ಲಾ ಸೇರಿ 2,30,000. ಅದರಲ್ಲಿ 50,000 ತಾಯಿ ಮಹಿಳಾ ಸಂಘದಲ್ಲಿ ಎತ್ತಿ ಕೊಟ್ಟಿದ್ದು, ಅದರ ವಾರದ ಕಂತು ತಾಯಿನೇ ಹೊಲಿಗೆ ದುಡ್ಡಲ್ಲಿ ಕಟ್ತಿದ್ರು. ಮಿಕ್ಕ 1,80,000ಕ್ಕೆ 18 ತಿಂಗಳ ಇಎಂಐ, ತಿಂಗಳಿಗೆ 11,200, ಜೂನಿಂದ ಶುರು. ಕೆಲಸ ಬಿಟ್ಟಾಗ ಅಕೌಂಟಲ್ಲಿದ್ದಿದ್ದು 22,000. ಎರಡನೇ ಕಂತು ಕಟ್ಟೋ ಹೊತ್ತಿಗೆ ಅದು ಖಾಲಿ ಅಂತ ಬೆರಳಲ್ಲಿ ಎಣಿಸಿದ್ರೂ ಗೊತ್ತಾಗುತ್ತೆ. ಆಮೇಲೆ ನಾನು ಬ್ಯಾಂಕಲ್ಲಿ ವಿಚಾರಿಸ್ದೆ, ಮುದ್ರಾ ಸಾಲದಲ್ಲಿ ಶಿಶು ಅಂತ 50,000 ತನಕ, ಕಿಶೋರ್ ಅಂತ 5 ಲಕ್ಷದ ತನಕ ಆಸ್ತಿ ಅಡ ಇಲ್ಲದೆ ಕೊಡೋಕೆ ಅವಕಾಶ ಇದೆ, ಫೋಟೋಗ್ರಫಿ ಸ್ಟುಡಿಯೋಗೂ ಕೇಳಬಹುದು, ಉದ್ಯಮ್ ರಿಜಿಸ್ಟ್ರೇಷನ್ನು, ಅಂದ್ರೆ ಸಣ್ಣ ಉದ್ಯಮಕ್ಕೆ ಸರ್ಕಾರದ ನೋಂದಣಿ, ಆನ್‌ಲೈನಲ್ಲಿ ಒಂದು ರೂಪಾಯಿ ಖರ್ಚಿಲ್ಲದೆ ಆಗುತ್ತೆ. ಅಂಗಡಿಯವನು ತೋರಿಸಿದ ಇಎಂಐ ಫಾರಂಗೆ ಸೈನ್ ಹಾಕೋಕೆ ಮುಂಚೆ ಇದನ್ನ ಯಾರೂ ಅವನಿಗೆ ಹೇಳಿರಲಿಲ್ಲ.

ಇನ್ನೊಂದು ತಪ್ಪು ಅವನದೇ. ಸೋನಿ ಬಂದ ಮೇಲೆ ಲೋಗೋ ಮಾಡಿಸ್ದ, ಇನ್‌ಸ್ಟಾಗ್ರಾಂ ಪೇಜು, 500 ವಿಸಿಟಿಂಗ್ ಕಾರ್ಡು. ಜೂನ್ ಮೊದಲ ವಾರ ನಾನೇ ಫೋನ್ ಮಾಡಿ ಒಂದು ಮದುವೆಗೆ ಬಾ, ದಿನಕ್ಕೆ 2,500 ಕೊಡ್ತೀನಿ ಅಂದ್ರೆ "ಅಣ್ಣಾ ಇನ್ಮೇಲೆ ಅಸಿಸ್ಟೆಂಟಾಗಿ ಹೋದ್ರೆ ನನ್ನ ಬ್ರ್ಯಾಂಡು ಬೀಳಲ್ವಾ" ಅಂದ. ಯಾರೋ ಯೂಟ್ಯೂಬಲ್ಲಿ ಹಂಗೆ ಹೇಳಿದ್ರಂತೆ. ನಾನು ಬಲವಂತ ಮಾಡ್ಲಿಲ್ಲ. ಜೂನ್ ಕೊನೇಲಿ ಅವರ ತಾಯಿ ಒಂದು ಬ್ಲೌಸ್ ಪೀಸ್ ಕೊಡೋ ನೆಪದಲ್ಲಿ ನಮ್ಮ ಮನೆಗೆ ಬಂದು ಅಡುಗೆಮನೆ ಬಾಗಿಲಲ್ಲಿ ನನ್ನ ಹೆಂಡ್ತಿ ಹತ್ರ ಕಣ್ಣಲ್ಲಿ ನೀರು ಹಾಕ್ಕೊಂಡ್ರಂತೆ, ಮಗ ರಾತ್ರಿ ನಿದ್ದೆ ಮಾಡ್ತಿಲ್ಲ, ಕ್ಯಾಮೆರಾ ಬ್ಯಾಗನ್ನ ತಲೆ ಹತ್ರ ಇಟ್ಕೊಂಡು ಚಾವಣಿ ನೋಡ್ತಾ ಮಲಗಿರ್ತಾನೆ ಅಂತ. ಅವತ್ತೇ ಕರೆಸ್ದೆ.

ಪಂಚಾಂಗಕ್ಕೆ ಕಟ್ಟುಬೀಳದ ಕೆಲಸ ಯಾವ್ಯಾವುದಿದೆ ಅಂತ ಇಬ್ರೂ ಕೂತು ಬರ್ಕೊಂಡ್ವಿ. ಮೊದಲನೇದು ನಿಕಾಹ್. ಆ ವರ್ಷ ಬಕ್ರೀದ್ ಜೂನ್ 29ಕ್ಕೆ, ಮೊಹರಂ ತಿಂಗಳು ಹುಟ್ಟೋದು ಜುಲೈ 20ರ ಹೊತ್ತಿಗೆ, ನಡುವಿನ ಆ ಮೂರು ವಾರದಲ್ಲಿ ಮುಸ್ಲಿಂ ಮದುವೆಗಳು ಜಾಸ್ತಿ ಇರ್ತವೆ, ನಮ್ಮಂಥೋರಿಗೆ ಆಷಾಢದಲ್ಲಿ ಅದೇ ದೊಡ್ಡ ಆಧಾರ. ಅರಸೀಕೆರೆಯ ನನ್ನ ಸ್ನೇಹಿತರೊಬ್ರಿಗೆ ಹೇಳಿ ಮೂರು ಮದುವೆಗೆ ಕಳಿಸ್ದೆ, ಒಂದಕ್ಕೆ 2,500ರ ಹಾಗೆ 7,500. ಎರಡನೇದು ಸ್ಕೂಲು, ಜೂನಲ್ಲಿ ಶಾಲೆ ಶುರುವಾಗಿರುತ್ತೆ, ಐಡಿ ಕಾರ್ಡಿಗೆ ಮಕ್ಕಳ ಫೋಟೋ, ನನ್ನ ಹತ್ರ ಇದ್ದ ಒಂದು ಶಾಲೆ ಅವನಿಗೆ ಬಿಟ್ಟುಕೊಟ್ಟೆ, ತಲಾ 8 ರೂಪಾಯಿ, 410 ಮಕ್ಕಳು, 3,280. ಮೂರನೇದು ಅವನೇ ಹುಡುಕಿಕೊಂಡಿದ್ದು, ಗಾಣದ ಕೊಬ್ಬರಿ ಎಣ್ಣೆ ಮಾಡೋ ಒಬ್ಬರು ಆನ್‌ಲೈನಲ್ಲಿ ಮಾರೋಕೆ ಶುರು ಮಾಡಿದ್ರು, ಬಾಟಲಿ ಫೋಟೋ 12 ಬೇಕಿತ್ತು, 3,000. ಗಾಜಿನ ಬಾಟಲಿ ತೆಗೆಯೋದು ಕಷ್ಟ, ಎದುರಿಗೆ ಫ್ಲ್ಯಾಶ್ ಹೊಡೆದ್ರೆ ಬಾಟಲಿ ಮೇಲೆ ಫ್ಲ್ಯಾಶೇ ಕಾಣುತ್ತೆ. ಹುಡುಗ ತಾಯಿಯ ಬಿಳಿ ಲೈನಿಂಗ್ ಬಟ್ಟೆನ ಕಿಟಕಿಗೆ ಕಟ್ಟಿ, ಹಿಂದಿಂದ ಬೆಳಕು ಬಿಟ್ಟು, ಎರಡು ಪಕ್ಕಕ್ಕೂ ಕಪ್ಪು ರಟ್ಟು ನಿಲ್ಸಿ ತೆಗೆದ, ಎಣ್ಣೆ ಜೇನುತುಪ್ಪದ ಥರ ಹೊಳೀತಿತ್ತು, ಬಾಟಲಿ ಅಂಚು ಪೆನ್ಸಿಲಲ್ಲಿ ಗೀಟು ಎಳ್ದಂಗೆ ಬಂದಿತ್ತು. ನನಗೆ ಹೊಟ್ಟೆ ತಣ್ಣಗಾಯ್ತು ಅದನ್ನ ನೋಡಿ.

ಒಟ್ಟು 13,780. ಮುಂಚಿನ 22,000 ಸೇರಿಸಿದ್ರೆ 35,780, ಅದರಲ್ಲಿ ಜೂನ್ ಜುಲೈ ಆಗಸ್ಟ್ ಮೂರು ಕಂತು 33,600 ಹೋಯ್ತು. ಮೂರು ತಿಂಗಳ ಪೆಟ್ರೋಲಿಗೆ, ಮೊಬೈಲಿಗೆ, ಎಲ್ಲಾದಕ್ಕೂ ಸೇರಿ ಉಳಿದಿದ್ದು 2,180 ರೂಪಾಯಿ. ಊಟ ತಾಯಿ ಮನೇಲಿ ಅನ್ನೋ ಒಂದೇ ಕಾರಣಕ್ಕೆ ಬಚಾವಾದ. ಬೆಂಗಳೂರಲ್ಲಿ ರೂಂ ಮಾಡ್ಕೊಂಡು ಇದೇ ಸಾಹಸ ಮಾಡಿದ್ರೆ ಕ್ಯಾಮೆರಾ ಮಾರಬೇಕಾಗ್ತಿತ್ತು.

ಈಗ ಅವನ ಮೊದಲನೇ ಸ್ವಂತ ಮದುವೆ. ನಿಜ ಶ್ರಾವಣ ಶುರುವಾಗಿ ಆಗಸ್ಟ್ ಕೊನೇ ವಾರ, ತಾಯಿಯ ಪರಿಚಯದವರ ಮಗಳ ಮದುವೆ. ಸಂಜೆ ಆರತಕ್ಷತೆ, ಬೆಳಿಗ್ಗೆ ಧಾರೆ. ಫೋಟೋ, ವಿಡಿಯೋ, ಒಂದು ಆಲ್ಬಂ, ಎಲ್ಲಾ ಸೇರಿ 35,000ಕ್ಕೆ ಒಪ್ಕೊಂಡು ಬಂದ, 5,000 ಅಡ್ವಾನ್ಸು. ಬಾಯಿ ಮಾತು, ಕಾಗದ ಪತ್ರ ಏನೂ ಇಲ್ಲ. ಕಮ್ಮಿ ಆಯ್ತಲ್ಲೋ ಅಂದ್ರೆ ಮೊದಲನೇದಲ್ವಾ ಅಣ್ಣಾ, ಹೆಸರು ಬರ್ಲಿ ಅಂದ.

ಆರತಕ್ಷತೆ ಚೆನ್ನಾಗೇ ಆಯ್ತು, 1,150 ಫೋಟೋ ತೆಗೆದಿದ್ದ, ಎಲ್ಲಾ ರಾ ಫೈಲು, ಅಂದ್ರೆ ಆಮೇಲೆ ಎಡಿಟ್ ಮಾಡೋಕೆ ಅಂತ ಇಡೋ ದೊಡ್ಡ ಫೈಲು, ಒಂದೊಂದು 24 ಎಂಬಿ. ಸೋನಿ ಎ7 ತ್ರೀಗೆ ಎರಡು ಕಾರ್ಡ್ ಸ್ಲಾಟ್ ಇದೆ, ಎರಡಕ್ಕೂ ಒಟ್ಟಿಗೆ ರೆಕಾರ್ಡ್ ಆಗೋ ಹಂಗೆ ಇಡಬಹುದು, ಆದ್ರೆ ಇನ್ನೊಂದು ಒಳ್ಳೆ ಕಾರ್ಡಿಗೆ ಮತ್ತೆ ದುಡ್ಡು ಬೇಕಲ್ಲ ಅಂತ ಎರಡನೇ ಸ್ಲಾಟ್ ಖಾಲಿ ಬಿಟ್ಟಿದ್ದ. 128 ಜಿಬಿ ಕಾರ್ಡು ಒಂದೇ. ರಾತ್ರಿ 12 ಗಂಟೆಗೆ ಛತ್ರದ ರೂಮಲ್ಲಿ ಲ್ಯಾಪ್‌ಟಾಪಿಗೆ ಕಾಪಿ ಹಾಕಿ, ಪಟ್ಟಿ ಓಡ್ತಿರೋದು ನೋಡಿ, ಹಂಗೇ ಕಣ್ಣು ಮುಚ್ಚಿದಾನೆ. ಲ್ಯಾಪ್‌ಟಾಪ್ ಹಳೇದು, 256 ಜಿಬಿ ಡಿಸ್ಕು, ಮೊದಲೇ ತುಂಬ್ಕೊಂಡಿತ್ತು. ಸುಮಾರು 400 ಫೋಟೋ ಕಾಪಿ ಆಗೋ ಹೊತ್ತಿಗೆ ಜಾಗ ಇಲ್ಲ ಅಂತ ಒಂದು ಡಬ್ಬಿ ಸ್ಕ್ರೀನ್ ಮೇಲೆ ಬಂದು ಕೂತಿದೆ, ಆಮೇಲೆ ಸ್ಕ್ರೀನೂ ಆರಿಹೋಗಿದೆ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದೋನೇ, ಕಾಪಿ ಆಗಿದೆ ಅಂತ ನಂಬಿ, ಕಾರ್ಡನ್ನ ಕ್ಯಾಮೆರಾಗೆ ಹಾಕಿ ಫಾರ್ಮ್ಯಾಟ್ ಹೊಡೆದ.

ದೇವರ ಪೂಜೆ, ಗಂಡಿಗೆ ಕಾಶಿಯಾತ್ರೆಯ ಪೇಟ ಕಟ್ಟೋದು ಇಂಥವು ಒಂದು 60 ಫೋಟೋ ತೆಗೆದ ಮೇಲೆ, ಹೆಣ್ಣಿನ ಅಣ್ಣ ಬಂದು ನಿನ್ನೆದೊಂದು ಒಳ್ಳೆ ಫೋಟೋ ಕೊಡಪ್ಪಾ ಸ್ಟೇಟಸ್ಸಿಗೆ ಹಾಕ್ತೀನಿ ಅಂದಿದಾನೆ. ಲ್ಯಾಪ್‌ಟಾಪ್ ತೆಗೆದು ನೋಡಿದ್ರೆ ಅರ್ಧಕ್ಕಿಂತ ಕಮ್ಮಿ ಇದೆ. ನನಗೆ ಫೋನ್ ಬಂದಾಗ ಆರೂ ಹತ್ತು. ಹುಡುಗನ ಧ್ವನಿನೇ ಹೊರಡ್ತಿರಲಿಲ್ಲ. "ಅಣ್ಣಾ... ಅಣ್ಣಾ ಎಲ್ಲಾ ಹೋಯ್ತು" ಅಂದ. ಹಿಂದೆ ನಾದಸ್ವರ ಕೇಳಿಸ್ತಿತ್ತು.

ನಾನು ಹೇಳಿದ್ದು ಒಂದೇ ಮಾತು, ಆ ಕಾರ್ಡನ್ನ ಈಗಿಂದೀಗ್ಲೇ ಹೊರಗೆ ತೆಗಿ, ಅದರಲ್ಲಿ ಇನ್ನೊಂದು ಫೋಟೋನೂ ತೆಗೀಬೇಡ. ಯಾಕೆ ಅಂತ ಹೊಸಬರಿಗೆ ಗೊತ್ತಿರ್ಲಿ. ಕ್ಯಾಮೆರಾದಲ್ಲಿ ಸಾಮಾನ್ಯವಾಗಿ ಆಗೋ ಫಾರ್ಮ್ಯಾಟು ಫೋಟೋನ ಅಳಿಸಲ್ಲ, ಯಾವ ಫೋಟೋ ಎಲ್ಲಿದೆ ಅನ್ನೋ ಪಟ್ಟಿನ ಮಾತ್ರ ಅಳಿಸುತ್ತೆ. ಪುಸ್ತಕದ ಪರಿವಿಡಿ ಹಾಳೆ ಹರಿದು ಹಾಕ್ದಂಗೆ, ಒಳಗಿನ ಪುಟ ಎಲ್ಲಾ ಇರ್ತವೆ. ಆದ್ರೆ ಆಮೇಲೆ ತೆಗೆದ ಹೊಸ ಫೋಟೋಗಳು ಹಳೇದರ ಮೇಲೆ ಬಂದು ಕೂರ್ತವೆ, ಕೂತ ಜಾಗದ್ದು ಮಾತ್ರ ನಿಜವಾಗ್ಲೂ ಹೋಗುತ್ತೆ. ಎಲ್ಲಾ ಕ್ಯಾಮೆರಾದಲ್ಲೂ ಹಿಂಗೇ ಅಂತ ಧೈರ್ಯವಾಗಿರಬೇಡಿ, ಪೂರ್ತಿ ಒರೆಸೋ ಥರದ ಫಾರ್ಮ್ಯಾಟೂ ಇದೆ.

ನನ್ನ ಬ್ಯಾಗಲ್ಲಿದ್ದ ಎರಡು ಕಾರ್ಡ್ ತಗೊಂಡು ಬೈಕಲ್ಲಿ ಛತ್ರಕ್ಕೆ ಹೋದೆ. ಹುಡುಗ ಅಡುಗೆಮನೆ ಹಿಂದೆ ನೀರಿನ ಡ್ರಮ್ಮಿನ ಪಕ್ಕ ನಿಂತಿದ್ದ, ಕೈ ನಡುಗ್ತಿತ್ತು. ಕಾರ್ಡ್ ಇಸ್ಕೊಂಡು ಜೇಬಿಗೆ ಹಾಕಿ, ಹೊಸ ಕಾರ್ಡು ಎರಡೂ ಸ್ಲಾಟಿಗೆ ಹಾಕಿ, ಎರಡಕ್ಕೂ ಒಟ್ಟಿಗೆ ಬರೆಯೋ ಹಂಗೆ ಸೆಟ್ ಮಾಡಿ ಕೊಟ್ಟೆ. ನಿನ್ನೆದು ನಾನು ನೋಡ್ಕೊತೀನಿ, ನೀನು ಈಗ ಮುಹೂರ್ತ ನೋಡು ಅಂದೆ.

ಮುಹೂರ್ತ ಅನ್ನೋದು ನಮ್ಮ ಕೆಲಸದಲ್ಲಿ ಹತ್ತು ಸೆಕೆಂಡು. ಅಂತರಪಟ ಸರಿಯುತ್ತೆ, ಹೆಣ್ಣು ಗಂಡು ಜೀರಿಗೆ ಬೆಲ್ಲ ತಲೆ ಮೇಲೆ ಹಾಕ್ತಾರೆ, ಪುರೋಹಿತರು ಕೈ ಎತ್ತಿ ಗಟ್ಟಿಮೇಳ ಗಟ್ಟಿಮೇಳ ಅಂತಾರೆ, ಡೋಲು ಎದೆಗೆ ಬಡಿಯುತ್ತೆ, ಇನ್ನೂರು ಕೈಯಿಂದ ಅಕ್ಷತೆ ಹಾರುತ್ತೆ, ಹೆಣ್ಣಿನ ಅಮ್ಮ ಆ ಕ್ಷಣದಲ್ಲಿ ಅಳ್ತಾರೆ, ಯಾವನೋ ಮೊಬೈಲ್ ಹಿಡ್ಕೊಂಡು ನಿಮ್ಮ ಲೆನ್ಸಿಗೆ ಅಡ್ಡ ನಿಲ್ತಾನೆ. ಇನ್ನೊಂದ್ಸಲ ಮಾಡಿ ಅಂತ ಕೇಳೋ ಹಂಗಿಲ್ಲ. ಹುಡುಗ ಮಂಟಪದ ಎಡಗಂಬದ ಹತ್ರ ಮಂಡಿಯೂರಿ ಕೂತ. ನಾನು ಹಿಂದೆ ನಿಂತು ಅವನ ಕೈಯನ್ನೇ ನೋಡ್ತಿದ್ದೆ, ನಡುಕ ನಿಂತಿತ್ತು. ಅವತ್ತು ತೆಗೆದ ಒಂದು ಫೋಟೋದಲ್ಲಿ ಅಕ್ಷತೆ ಕಾಳು ಒಂದೊಂದೂ ಗಾಳಿಯಲ್ಲಿ ನಿಂತಿದೆ, ಅದರ ಮಧ್ಯೆ ಹೆಣ್ಣು ತಲೆ ತಗ್ಗಿಸಿ ನಗೋದು ತಡ್ಕೊತಿದಾಳೆ.

ಸ್ಟುಡಿಯೋಗೆ ಬಂದು ಫೋಟೋರೆಕ್ ಅನ್ನೋ ಸಾಫ್ಟ್‌ವೇರ್ ಹಾಕ್ದೆ. ಉಚಿತ, ಬಣ್ಣ ಗಿಣ್ಣ ಏನಿಲ್ಲ, ಕಪ್ಪು ಸ್ಕ್ರೀನ್ ಮೇಲೆ ಬಿಳಿ ಅಕ್ಷರ, ಆದ್ರೆ ನನ್ನನ್ನ ಮೂರು ಸಲ ಕಾಪಾಡಿದೆ. ಪರಿವಿಡಿ ನೋಡದೆ ಕಾರ್ಡಿನ ಉದ್ದಕ್ಕೂ ಓದಿ, ಫೈಲಿನ ತಲೆ ಎಲ್ಲಿ ಶುರುವಾಗುತ್ತೆ ಅಂತ ಗುರುತು ಹಿಡಿದು ಎತ್ಕೊಂಡು ಬರುತ್ತೆ. ಎತ್ಕೊಂಡಿದ್ದನ್ನ ಅದೇ ಕಾರ್ಡಿಗೆ ಸೇವ್ ಮಾಡಬಾರದು, ಬೇರೆ ಡಿಸ್ಕಿಗೇ ಹಾಕ್ಬೇಕು. ಎರಡು ಗಂಟೆ ಚಿಲ್ರೆ ಓಡ್ತು. ಫೈಲಿನ ಹಳೇ ಹೆಸರು ಬರಲ್ಲ, ತೆಗೆದ ಟೈಮ್ ಮಾತ್ರ ಫೋಟೋ ಒಳಗೇ ಇರುತ್ತಲ್ಲ, ಅದರ ಮೇಲೆ ಸಾಲಾಗಿ ಜೋಡಿಸ್ಕೊಬಹುದು. ಬೆಳಿಗ್ಗೆಯ 60 ಫೋಟೋ ಕಾರ್ಡಿನ ಮೊದಲ ಜಾಗದಲ್ಲಿ ಬಂದು ಕೂತಿದ್ರಿಂದ ಆರತಕ್ಷತೆಯ ಮೊದಲ 60 ಮಾತ್ರ ಅಳಿಸಿಹೋಗಿತ್ತು. ರಾತ್ರಿ ಲ್ಯಾಪ್‌ಟಾಪಿಗೆ ಕಾಪಿ ಆಗಿದ್ದು ಮೊದಲ 400, ಅಳಿಸಿದ್ದೆಲ್ಲ ಅದರಲ್ಲೇ ಇತ್ತು. ಅಂದ್ರೆ ಒಂದೂ ಹೋಗಿರಲಿಲ್ಲ. ನಾನು ಫೋನ್ ಮಾಡಿ ಹೇಳ್ದಾಗ ಹುಡುಗ ಊಟದ ಪಂಕ್ತಿ ಫೋಟೋ ತೆಗೀತಿದ್ದ, ಏನೂ ಮಾತಾಡ್ಲಿಲ್ಲ, ಫೋನ್ ಇಟ್ಟ. ಸಾಯಂಕಾಲ ಅವರ ತಾಯಿ ತೆಂಗಿನಕಾಯಿ ಬೆಲ್ಲ ತಂದು ನಮ್ಮ ದೇವರ ಮುಂದೆ ಇಟ್ಟು ಹೋದ್ರು.

ಕಾರ್ಡಿನ ಗಂಡಾಂತರ ಹೀಗೆ ಕಳೀತು. ಆದ್ರೆ ನನ್ನ ಪ್ರಕಾರ ಈ ಪ್ರಕರಣದ ದೊಡ್ಡ ಪೆಟ್ಟು ಅದಲ್ಲ, ಅದಾದ ಮೇಲಿನ ನಾಲ್ಕು ತಿಂಗಳು. ಖರ್ಚು ನೋಡಿ: ವಿಡಿಯೋ ಹುಡುಗನಿಗೆ ಎರಡು ದಿನಕ್ಕೆ 9,000, ಲೈಟ್ ಹಿಡಿಯೋನಿಗೆ 2,000, ಆಲ್ಬಂ ಡಿಸೈನು ಪ್ರಿಂಟು ಸೇರಿ 11,500, ವಿಡಿಯೋ ಎಡಿಟಿಂಗ್ 5,000, ಓಡಾಟ 1,800, ಪೆನ್‌ಡ್ರೈವು ಮತ್ತೆ ಒಂದು ಫ್ರೇಮು 1,200. ಕೂಡಿದ್ರೆ 30,500. 35,000ದಲ್ಲಿ ಅವನಿಗೆ ಉಳಿಯೋದು 4,500. ಅದೂ ಪೂರ್ತಿ ಸಿಗ್ಲಿಲ್ಲ. ಮದುವೆ ದಿನ 15,000 ಕೊಟ್ರು, ಮಿಕ್ಕ 15,000 ಆಲ್ಬಂ ಕೊಟ್ಟಾಗ ಅಂದ್ರು. ಆಲ್ಬಂ ತಗೊಂಡು ಹೋದ್ರೆ ಗಂಡಿನ ಸೋದರತ್ತೆ ಸಂಸಾರದ ಒಂದು ಫೋಟೋನೂ ಇಲ್ಲ. ಅವರು ಆರತಕ್ಷತೆ ದಿನ ಸ್ಟೇಜ್ ಹತ್ತಿದಾಗ ಹುಡುಗ ಫ್ಲ್ಯಾಶಿಗೆ ಬ್ಯಾಟರಿ ಬದಲಾಯಿಸ್ತಿದ್ದಂತೆ. ಮದುವೆ ಮನೇಲಿ ಇದೆಂಥ ದೊಡ್ಡ ವಿಷಯ ಅಂತ ಗೊತ್ತಿರೋರಿಗೆ ಗೊತ್ತು, ಬೇಕಂತಲೇ ಬಿಟ್ರು ಅಂತ ಅತ್ತೆ ಮುನಿಸ್ಕೊಂಡು ಎರಡು ಮನೆ ನಡುವೆ ಮಾತು ಬೆಳೀತು, ಆ ಸಿಟ್ಟು ಬಂದಿದ್ದು ಹುಡುಗನ ಮೇಲೆ.

ಅದರ ಜೊತೆಗೆ ಅಕ್ಷತೆಯ ಆ ಫೋಟೋನ ಅವನು ಇನ್‌ಸ್ಟಾಗ್ರಾಂಗೆ ಹಾಕಿದ್ದ, ಹೆಣ್ಣಿನ ತಂದೆ ಯಾರನ್ನ ಕೇಳಿ ಹಾಕ್ದೆ ಅಂತ ರೇಗಿದ್ರು. ಹುಡುಗ ನನ್ನ ಹತ್ರ ಬಂದು ನಾನು ತೆಗೆದ ಫೋಟೋ ನಂದೇ ಅಲ್ವಾ ಅಣ್ಣಾ ಅಂದ. ತುಂಬಾ ಜನ ಹಂಗೇ ಅಂದ್ಕೊಂಡಿದಾರೆ. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆ 17ನೇ ಸೆಕ್ಷನ್ ಪ್ರಕಾರ, ಒಬ್ರು ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋಗೆ, ಬೇರೆ ಒಪ್ಪಂದ ಇಲ್ಲದಿದ್ರೆ, ತೆಗೆಸಿದೋರೇ ಮೊದಲ ಮಾಲೀಕರು. ಫೋಟೋಗ್ರಾಫರ್ ಅಲ್ಲ. ಪೋರ್ಟ್‌ಫೋಲಿಯೋಗೆ ಬಳಸ್ಕೊಬೇಕು ಅಂದ್ರೆ ಮುಂಚೆನೇ ಬರೆಸ್ಕೊಬೇಕು. ಅವನು ಇನ್‌ಸ್ಟಾಗ್ರಾಂನಿಂದ ಆ ಫೋಟೋ ಅಳಿಸಿ, ಹೋಗಿ ಕ್ಷಮೆ ಕೇಳಿ ಬಂದ.

15,000ದಲ್ಲಿ 2,000 ಹಿಡ್ಕೊಂಡು 13,000ನ ಮೂರು ಕಂತಲ್ಲಿ ಕೊಟ್ರು, ಕೊನೇದು ಬಂದಿದ್ದು ಡಿಸೆಂಬರಲ್ಲಿ. ಎರಡು ದಿನ ಶೂಟು, ಹನ್ನೊಂದು ದಿನ ಕಂಪ್ಯೂಟರ್ ಮುಂದೆ, ಕೊನೆಗೆ ಕೈಗೆ ಬಂದಿದ್ದು 2,500 ರೂಪಾಯಿ. ಜೂನಲ್ಲಿ ನನ್ನ ಜೊತೆ ಒಂದೇ ದಿನ ಅಸಿಸ್ಟೆಂಟಾಗಿ ಬಂದಿದ್ರೂ ಅಷ್ಟೇ ಸಿಗ್ತಿತ್ತು. ಡೈರಿಯ ಆ ಪುಟದಲ್ಲಿ ಅವನು ಆ ಅಂಕಿ ಸುತ್ತ ಪೆನ್ನಲ್ಲಿ ಎಷ್ಟು ಸಲ ಗೀಚಿದಾನೆ ಅಂದ್ರೆ ಹಾಳೆ ತೂತಾಗಿದೆ.

ನಾನು ಕಲಿತಿದ್ದು 1998ರಲ್ಲಿ, ಯಾಶಿಕಾ ಎಫ್‌ಎಕ್ಸ್-3 ಕ್ಯಾಮೆರಾದಲ್ಲಿ. 36 ಫೋಟೋದ ರೀಲು, ಒಂದು ಮದುವೆಗೆ ಐದು ರೀಲು, 180 ಕ್ಲಿಕ್ಕು, ಅಷ್ಟೇ. ನಮ್ಮ ಗುರುಗಳು ಒಂದು ವರ್ಷ ನನ್ನ ಕೈಗೆ ಮುಹೂರ್ತ ಕೊಟ್ಟಿರಲಿಲ್ಲ, ರೀಲನ್ನ ರೈಲಲ್ಲಿ ಬೆಂಗಳೂರಿನ ಲ್ಯಾಬಿಗೆ ಒಯ್ದು ತರೋ ಕೆಲಸ ನಂದು. ಅವಾಗ ಬೇಜಾರಾಗ್ತಿತ್ತು. ಆದ್ರೆ ಆ ಒಂದು ವರ್ಷದಲ್ಲಿ ಗುರುಗಳು ಗಿರಾಕಿ ಹತ್ರ ಹೆಂಗೆ ಮಾತಾಡ್ತಾರೆ, ದುಡ್ಡು ಯಾವಾಗ ಕೇಳ್ತಾರೆ, ಮನೆಯ ಹಿರೀರನ್ನ ಹೆಂಗೆ ಕರೆದು ನಿಲ್ಲಿಸ್ತಾರೆ ಎಲ್ಲಾ ನೋಡಿ ಕಲಿತೆ. ಈಗಿನ ಹುಡುಗ್ರಿಗೆ ಲೈಟಿಂಗು, ಎಡಿಟಿಂಗು, ಕಲರ್ ಗ್ರೇಡಿಂಗು ಮೊಬೈಲಲ್ಲೇ ಸಿಗುತ್ತೆ, ನಮಗಿಂತ ಬೇಗ ಕಲೀತಾರೆ, ಓದೋ ಅನುಕೂಲ ಇರೋರಿಗೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಂಥ ಕಡೆ ಫೋಟೋಗ್ರಫಿನೇ ಡಿಗ್ರಿಯಾಗಿ ಓದಬಹುದು. ಈ ವ್ಯವಹಾರದ ಪಾಠ ಮಾತ್ರ ನಮ್ಮಂಥ ಹಳಬರ ಹತ್ರನೇ ಇದೆ, ನಾವು ಬಾಯಿ ಬಿಟ್ಟು ಹೇಳ್ಕೊಡ್ತಿಲ್ಲ. ಇನ್ನೊಬ್ಬ ಸ್ಪರ್ಧಿ ಹುಟ್ಕೊತಾನೆ ಅನ್ನೋ ಭಯ ನಮ್ಮಲ್ಲಿ ತುಂಬಾ ಜನಕ್ಕಿದೆ, ನನಗೂ ಸ್ವಲ್ಪ ಇತ್ತು ಅಂತಲೇ ಹೇಳ್ತೀನಿ.

ಆ ಡಿಸೆಂಬರಲ್ಲಿ ಧನುರ್ಮಾಸ ಶುರುವಾಗಿ ಕೆಲಸ ಇಲ್ಲದಾಗ ಇಬ್ರೂ ಕೂತು ಒಂದು ಪುಟದ ಒಪ್ಪಂದ ಬರೆದ್ವಿ, ಕನ್ನಡದಲ್ಲೇ, ಗಿರಾಕಿಗೆ ಓದಿದ್ರೆ ಅರ್ಥ ಆಗೋ ಹಂಗೆ. ಬುಕ್ ಮಾಡುವಾಗ ನೂರಕ್ಕೆ 30, ಆರತಕ್ಷತೆ ದಿನ 50, ಆಲ್ಬಂ ಕೊಡುವಾಗ 20. ಆಲ್ಬಂನಲ್ಲಿ ಎಷ್ಟು ಹಾಳೆ, ಫೋಟೋ ಆರಿಸಿ ಕೊಡೋಕೆ ಅವರಿಗೆಷ್ಟು ದಿನ, ಆಮೇಲೆ ಇವನಿಗೆಷ್ಟು ದಿನ. ಇನ್‌ಸ್ಟಾಗ್ರಾಂಗೆ ಹಾಕಬಹುದಾ ಬೇಡವಾ ಅಂತ ಎರಡು ಡಬ್ಬಿ, ಒಂದಕ್ಕೆ ಟಿಕ್. ಇನ್ನೊಂದು ಸಾಲು ನನಗೆ ತುಂಬಾ ಇಷ್ಟ: ಎರಡೂ ಕಡೆಯಿಂದ ಒಬ್ಬೊಬ್ರು, ನೆಂಟರನ್ನ ಗುರುತು ಹಿಡಿಯೋರು, ಆರತಕ್ಷತೆ ಮುಗಿಯೋ ತನಕ ಫೋಟೋಗ್ರಾಫರ್ ಪಕ್ಕದಲ್ಲಿರಬೇಕು, ಯಾರ ಫೋಟೋ ಆಯ್ತು ಯಾರದ್ದು ಬಾಕಿ ಅಂತ ಪಟ್ಟಿಗೆ ಗುರುತು ಹಾಕೋದು ಅವರ ಕೆಲಸ. ಇದಾದ್ಮೇಲೆ ಸೋದರತ್ತೆ ಜಗಳ ಒಂದೂ ಆಗಿಲ್ಲ. ರೇಟು 60,000ಕ್ಕೆ ಏರಿಸ್ದ, ಇಬ್ರು ಗಿರಾಕಿ ಬಿಟ್ಟು ಹೋದ್ರು, ಹೋಗ್ಲಿ ಬಿಡು ಅಂದೆ. ಜಿಎಸ್‌ಟಿ ಬಗ್ಗೆ ಹೆದರ್ಕೊಂಡಿದ್ದ, ನಮ್ಮಂಥ ಸರ್ವೀಸ್ ಕೆಲಸಕ್ಕೆ ವರ್ಷದ ವಹಿವಾಟು 20 ಲಕ್ಷ ದಾಟೋ ತನಕ ರಿಜಿಸ್ಟ್ರೇಷನ್ ಕಡ್ಡಾಯ ಅಲ್ಲ ಅಂತ ಹೇಳಿ ಸಮಾಧಾನ ಮಾಡ್ದೆ.

ಕಾರ್ಡಿಗೆ ಅವನದೇ ಒಂದು ನಿಯಮ ಮಾಡ್ಕೊಂಡಿದಾನೆ. ಎರಡೂ ಸ್ಲಾಟಿಗೂ ಕಾರ್ಡು, ರಾತ್ರಿ ಎರಡು ಎಸ್‌ಎಸ್‌ಡಿಗೆ ಕಾಪಿ, ಫೈಲ್ ಎಣಿಕೆ ತಾಳೆ ನೋಡಿ ಡೈರಿಯಲ್ಲಿ ಅಂಕಿ ಬರೆದು ಸೈನ್ ಹಾಕ್ತಾನೆ, ಆಲ್ಬಂ ಗಿರಾಕಿ ಕೈಗೆ ಹೋಗೋ ತನಕ ಆ ಕಾರ್ಡನ್ನ ಫಾರ್ಮ್ಯಾಟ್ ಮಾಡಲ್ಲ. ಕಾರ್ಡುಗಳನ್ನ ತಾಯಿಯ ಬಟನ್ ಡಬ್ಬೀಲಿ ಇಡ್ತಾನೆ, ಒಂದೊಂದಕ್ಕೂ ಅವರೇ ಹೊಲಿದು ಕೊಟ್ಟ ಪುಟ್ಟ ಚೀಲ, ಅದರ ಮೇಲೆ ಮದುವೆ ತಾರೀಖು.

2024ರ ಜನವರಿ ಕೊನೆಯಿಂದ ಏಪ್ರಿಲ್ ತನಕ 9 ಸ್ವಂತ ಮದುವೆ ಮಾಡ್ದ. ನಡುವೆ ನನ್ನ ಜೊತೆಗೂ ಬಂದ, ಬ್ರ್ಯಾಂಡಿನ ಮಾತು ಎತ್ತಲಿಲ್ಲ. ಆ ವರ್ಷ ಇನ್ನೊಂದು ಗಂಡಾಂತರ ಇತ್ತು, ಏಪ್ರಿಲ್ ಕೊನೆಯಿಂದ ಜುಲೈ ಮೊದಲ ವಾರದ ತನಕ ಶುಕ್ರ ಅಸ್ತ, ಅಂದ್ರೆ ಗ್ರಹ ಸೂರ್ಯನ ಹತ್ರ ಬಂದು ಕಣ್ಣಿಗೆ ಕಾಣದಿರೋ ಕಾಲ, ಆಗ ಲಗ್ನ ಇಡಲ್ಲ, ಮಧ್ಯೆ ಮೇ ತಿಂಗಳ ಹೆಚ್ಚು ದಿನ ಗುರುವೂ ಅಸ್ತ, ಅದಾದ ಕೂಡ್ಲೇ ಆಷಾಢ. ಪಂಚಾಂಗ ಬಿಗಿಯಾಗಿ ನೋಡೋ ಮನೆಗಳಲ್ಲಿ ಆಗಸ್ಟ್ ತನಕ ಲಗ್ನನೇ ಇಲ್ಲ. ಮೇ ತಿಂಗಳು ಅಂದ್ರೆ ನಮಗೆ ವರ್ಷದ ಅನ್ನ, ಅದೇ ಹೋಯ್ತು, ಎಷ್ಟೋ ಸ್ಟುಡಿಯೋದವರು ಬಡ್ಡಿಗೆ ದುಡ್ಡು ತಂದ್ರು. ಹುಡುಗ ಮಾರ್ಚಲ್ಲೇ ನಾಲ್ಕು ಕಂತಿನ ದುಡ್ಡು, 44,800, ತಾಯಿ ಅಕೌಂಟಿಗೆ ಹಾಕಿಟ್ಟು ಅದನ್ನ ನನ್ನ ಕೈಗೆ ಸಿಗದಂಗೆ ನೋಡ್ಕೊಮ್ಮಾ ಅಂದಿದ್ದ. ಆ ಮೂರು ತಿಂಗಳಲ್ಲಿ ಅವನಿಗೆ ಸಿಕ್ಕಿದ್ದು ಎರಡೇ ಮದುವೆ, ಮಿಕ್ಕಿದ್ದು ಎಣ್ಣೆ ಬಾಟಲಿ, ಸ್ಕೂಲು, ಸೀಮಂತ, ನಾಮಕರಣ. ಕಂತು ಒಂದೂ ತಪ್ಪಲಿಲ್ಲ. ನವೆಂಬರಲ್ಲಿ ಕೊನೇ ಕಂತು ಕಟ್ಟಿದ.

ನನ್ನ ಹತ್ರ ಈಗ ಬಂದು ಕೇಳೋ ಹುಡುಗ್ರಿಗೆ ನಾನು ಹೇಳೋದು ಬದಲಾಗಿದೆ. ಕೆಲಸ ಬಿಡೋದಾದ್ರೆ ಮೇನಲ್ಲಿ ಬಿಡಬೇಡ, ದಸರಾ ಕಳೆದು ಬಿಡು, ಕಾರ್ತಿಕದಲ್ಲಿ ತುಳಸಿ ಹಬ್ಬ ಆದ್ಮೇಲೆ ಲಗ್ನ ಶುರುವಾಗ್ತವೆ, ಮುಂದೆ ಮಾಘ ಫಾಲ್ಗುಣ ಇರುತ್ತೆ. ಆರು ಕಂತಿನ ದುಡ್ಡು ಕೈಲಿಟ್ಕೊಂಡು ಸಾಲಕ್ಕೆ ಸೈನ್ ಹಾಕು. ಹಳೇ ಕ್ಯಾಮೆರಾದಲ್ಲೇ ಒಂದು ಸೀಸನ್ ಅಸಿಸ್ಟೆಂಟಾಗಿ ದುಡಿ. ಕ್ಯಾಮೆರಾ ಯಾವುದು ಅನ್ನೋದನ್ನ ಆಮೇಲೆ ನೋಡೋಣ. ಕೆಲವರು ಇದನ್ನ ಕೇಳಿ ಬೇಜಾರು ಮಾಡ್ಕೊಂಡು ಹೋಗ್ತಾರೆ, ಹೋಗ್ಲಿ, ಎರಡು ತಿಂಗಳು ಚಾವಣಿ ನೋಡ್ತಾ ಮಲಗೋದಕ್ಕಿಂತ ಅದೇ ವಾಸಿ.

ಮೊನ್ನೆ ಹುಡುಗ 70-200 ಲೆನ್ಸಿನ ರೇಟ್ ಕೇಳ್ಕೊಂಡು ಬಂದಿದ್ದ. ಕಂತಲ್ಲಿ ತಗೊತೀಯೇನೋ ಅಂದೆ. ಬ್ಯಾಗಿಂದ ಡೈರಿ ತೆಗೆದ, ಅದರಲ್ಲಿ ಮುಂದಿನ ವರ್ಷಗಳ ತಿಂಗಳುಗಳನ್ನ ಗೀಟು ಹಾಕಿ ಬರ್ಕೊಂಡಿದಾನೆ, ಕೆಲವು ಚೌಕಗಳಿಗೆ ಕೆಂಪು ಪೆನ್ಸಿಲ್ ಬಳಿದಿದಾನೆ. "2026ರಲ್ಲಿ ಜ್ಯೇಷ್ಠನೇ ಅಧಿಕ ಅಣ್ಣಾ, ಮೇ 17ರಿಂದ ಜೂನ್ 15ರ ತನಕ ಹೋಯ್ತು, ನೀವು ನೋಡ್ಕೊಂಡಿದೀರಾ" ಅಂತ ಕೇಳ್ದ. ನಾನು ನೋಡ್ಕೊಂಡಿರಲಿಲ್ಲ. ಲೆನ್ಸು ಅದಾದ್ಮೇಲೇ ಅಂತ ಹೇಳಿ, ಡೈರಿ ನನ್ನ ಟೇಬಲ್ ಮೇಲಿಟ್ಟು, ನೀವೂ ಬರ್ಕೊಳ್ಳಿ ಅಂದ.